ಗದ್ದಲ ತೆಗೆಯೋಕೆ ಹೋಗಿ ಏಕತಾರಿ ಕಳ್ಕೊಂಡೆ

ಶುರು ಮಾಡೋಕೆ ಮೊದಲು ಒಂದು ಮಾತು. ಈ ಎಪಿಸೋಡನ್ನ ಫೋನ್ ಸ್ಪೀಕರಿನಲ್ಲಿ ಕೇಳಬೇಡಿ. ಸಂತೇಲಿ ತಗೊಂಡ 150 ರೂಪಾಯಿ ಇಯರ್‌ಫೋನ್ ಆದ್ರೂ ಸಾಕು, ಹಾಕ್ಕೊಳ್ಳಿ. ಯಾಕಂತ ಮುಂದೆ ಗೊತ್ತಾಗುತ್ತೆ.

ಲಿಂಗಸುಗೂರಿನ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. "ಅಣ್ಣಾ, ನೀವು ಜಾಜ್ ಜಾಜ್ ಅಂತೀರಲ್ಲ, ಒಂದು ಲೈವ್ ರೆಕಾರ್ಡಿಂಗ್ ಕೇಳಿದೆ. ಅವ್ರು ಪಿಯಾನೋ ನುಡಸಾಕತ್ತಾರ, ಹಿಂದ ಮಂದಿ ಮಾತಾಡಾಕತ್ತಾರ, ಗ್ಲಾಸ್ ಸಪ್ಪಳ ಬ್ಯಾರೆ. ಇಷ್ಟು ಗದ್ದಲದ ರೆಕಾರ್ಡಿಂಗಿಗೆ ಅಷ್ಟ್ಯಾಕ ಹೆಸರು?"

ಪ್ರಶ್ನೆ ಚಲೋ ಇತ್ತು. ಆದ್ರೆ ನಾನು ಬಹಳ ದಿನ ಉತ್ತರ ಕೊಡಲಿಲ್ಲ. ಇದೇ ಗದ್ದಲದ ವಿಷಯದಲ್ಲಿ ನಾನೇ ಒಂದು ದೊಡ್ಡ ತಪ್ಪು ಮಾಡಿದ್ದೆ. ಇವತ್ತು ಎರಡನ್ನೂ ಕೂಡಿಸಿ ಹೇಳ್ತೀನಿ.

ಎರಡು ವರ್ಷದ ಹಿಂದಿನ ಶ್ರಾವಣ. ಮಸ್ಕಿಯಿಂದ ಸ್ವಲ್ಪ ಒಳಗೆ ಒಂದು ಹಳ್ಳಿ, ಗುಡಿ ಕಟ್ಟೆ ಮೇಲೆ ತತ್ವಪದದ ಭಜನೆ. ಐದೇ ಜನ. ಮುಂದೆ ಹಾಡೋ ತಾತ, ಅವರ ಕೈಯಾಗ ಏಕತಾರಿ. ಒಬ್ಬರು ಹಾರ್ಮೋನಿಯಂ, ಒಬ್ಬರು ದಮ್ಮಡಿ, ಇಬ್ಬರು ತಾಳ ಹಿಡಿದು ಹಿಮ್ಮೇಳ. ನಾನು ಫೋನನ್ನ ಹಾರ್ಮೋನಿಯಂ ಪೆಟ್ಟಿಗೆ ಪಕ್ಕ ಇಟ್ಟು ರಾತ್ರಿ 2 ಗಂಟೆ ತನಕ ರೆಕಾರ್ಡ್ ಮಾಡಿದೆ. ಸಿಂಧನೂರಿಗೆ ಬಂದು ಕೇಳಿದ್ರೆ ನಾಯಿ, ಮಕ್ಕಳು, ಟ್ರ್ಯಾಕ್ಟರ್, ಯಾರೋ ಚಹಾ ಕಪ್ಪು ಇಡೋದು, ಎಲ್ಲಾ ಐತಿ. ಫ್ರೀ ಆ್ಯಪ್ ಒಂದಕ್ಕೆ ಹಾಕಿ 'ನಾಯ್ಸ್ ರಿಮೂವ್' ಒತ್ತಿದೆ. ಚಂದ ಅನ್ನಿಸಿದ 22 ನಿಮಿಷ ಕತ್ತರಿಸಿ ಪಾಡ್‌ಕಾಸ್ಟಿಗೆ ಹಾಕಿದೆ. ಫೋನಿನಲ್ಲಿ ಸ್ಟೋರೇಜ್ ಫುಲ್ ಅಂತ ಬಂತು, ಮೂಲ ಫೈಲ್ ಡಿಲೀಟ್ ಮಾಡಿದೆ. ಅದರ ಕಥೆ ಆಮೇಲೆ.

ಈಗ ಲಿಂಗಸುಗೂರಿನ ತಮ್ಮ ಕೇಳಿದ ರೆಕಾರ್ಡಿಂಗಿಗೆ ಬರೋಣ. ಅವನು ಹೇಳಿದ ಗುರುತಿನ ಮೇಲೆ ನನಗನ್ನಿಸೋದು, ಅದು ಬಿಲ್ ಇವಾನ್ಸ್ ಟ್ರಯೋ. ಜಾಗ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಅನ್ನೋ ನೆಲಮಾಳಿಗೆ ಕ್ಲಬ್. ದಿನ, 1961ರ ಜೂನ್ 25, ಭಾನುವಾರ. ಮಧ್ಯಾಹ್ನದಿಂದ ರಾತ್ರಿ ತನಕ ಐದು ಸಲ ಕೂತು ನುಡಿಸಿದ್ರು. ಪಿಯಾನೋದಲ್ಲಿ ಇವಾನ್ಸ್, ಡ್ರಮ್ಸ್‌ನಲ್ಲಿ ಪಾಲ್ ಮೋಶಿಯನ್, ಬಾಸ್‌ನಲ್ಲಿ ಸ್ಕಾಟ್ ಲಫಾರೋ. ಬಾಸ್ ಅಂದ್ರೆ ಆಳೆತ್ತರದ ಪಿಟೀಲಿನಂಥ ವಾದ್ಯ, ನಿಂತ್ಕೊಂಡು ಬೆರಳಿಂದ ಮೀಟೋದು. ಇಯರ್‌ಫೋನ್ ಹಾಕ್ಕೊಳ್ಳಿ ಅಂದಿದ್ದು ಇದಕ್ಕೇ. ಫೋನಿನ ಪುಟ್ಟ ಸ್ಪೀಕರಿಗೆ ಇಷ್ಟು ಕೆಳಗಿನ ಸ್ವರ ಹೊರಡಿಸೋ ತಾಕತ್ತಿಲ್ಲ. ಸ್ಪೀಕರಿನಲ್ಲಿ ಕೇಳಿದವರಿಗೆ ಮೂರು ಜನರಲ್ಲಿ ಇಬ್ಬರೇ ಸಿಕ್ಕಿರ್ತಾರೆ.

ಆ ಕಾಲದ ಜಾಜ್‌ನಲ್ಲಿ ಬಾಸ್ ನುಡಿಸೋರ ಕೆಲಸ ಬಹಳ ಮಟ್ಟಿಗೆ ಲಯ ಕಾಯೋದು, ನಮ್ಮಲ್ಲಿ ತಾಳ ಹಿಡಿದು ಕೂತವರ ಹಂಗೆ. ಲಫಾರೋ ಹಂಗೆ ಕೂರೋ ಮನುಷ್ಯ ಅಲ್ಲ. ಪಿಯಾನೋ ಒಂದು ಮಾತು ಆಡಿದ್ರೆ ಇವರು ನಡುವೆ ಬಾಯಿ ಹಾಕ್ತಾರೆ, ಒಮ್ಮೊಮ್ಮೆ ಪಿಯಾನೋ ಸುಮ್ಮನಾಗಿ ಇವರ ಮಾತು ಕೇಳುತ್ತೆ. 'ಗ್ಲೋರಿಯಾಸ್ ಸ್ಟೆಪ್' ಅನ್ನೋದನ್ನ ಹಚ್ಚಿ, ಅದು ಲಫಾರೋ ಅವರದೇ ರಚನೆ. ಮೊದಲ ಸಲ ಪಿಯಾನೋ ಹಿಂದೆ ಹೋಗಿ. ಎರಡನೇ ಸಲ ಬರೀ ಬಾಸ್ ಹಿಂದೆ ಹೋಗಿ. ಎರಡು ಬೇರೆ ಬೇರೆ ಹಾಡು ಕೇಳಿದಂಗೆ ಆಗುತ್ತೆ.

ಇನ್ನು ಗ್ಲಾಸ್ ಸಪ್ಪಳ. ಪಿಯಾನೋ ನಡುವೆ ಗ್ಲಾಸ್ ಸಪ್ಪಳ ಕೇಳ್ತಿದೆ ಅಂದ್ರೆ ಪಿಯಾನೋ ಎಷ್ಟು ಮೆಲ್ಲಗೆ ನುಡೀತಿರಬೇಕು ಯೋಚನೆ ಮಾಡಿ. ಮಂದಿ ಮಾತಾಡ್ತಾರೆ ಅಂತ ಇವರು ಜೋರು ಮಾಡಲಿಲ್ಲ. ಆ ಸಪ್ಪಳ ಇರೋದರಿಂದಲೇ ಇವರ ಮೆಲುದನಿ ಅಳೆಯೋಕೆ ನಮಗೊಂದು ಅಳತೆಗೋಲು ಸಿಗುತ್ತೆ.

2005ರಲ್ಲಿ ಆ ದಿನದ ಪೂರ್ತಿ ರೆಕಾರ್ಡಿಂಗ್ ಹೊರಗೆ ಬಂತು. ಅದರಲ್ಲಿ 'ಗ್ಲೋರಿಯಾಸ್ ಸ್ಟೆಪ್' ಮೊದಲ ಟೇಕಿನ ನಡುವೆ ಕರೆಂಟ್ ಹೋಗುತ್ತೆ. ಖರೇ ಹೇಳ್ತೀನಿ, ನ್ಯೂಯಾರ್ಕಿನಲ್ಲೂ ಕರೆಂಟ್ ಹೋಗುತ್ತೆ! ಟೇಪ್ ನಿಲ್ಲುತ್ತೆ, ಮತ್ತೆ ಬರುತ್ತೆ. ಅದನ್ನೂ ಹಂಗೇ ಇಟ್ಟಿದ್ದಾರೆ. ಇದನ್ನೆಲ್ಲಾ ಯಾಕೆ ಇಷ್ಟು ಜೋಪಾನ ಮಾಡಿದ್ರು ಅನ್ನೋದಕ್ಕೆ ಒಂದು ಕಾರಣ ಇದೆ. ಆ ಭಾನುವಾರ ಆಗಿ 11 ದಿನಕ್ಕೆ, ಜುಲೈ 6ಕ್ಕೆ, ಲಫಾರೋ ಕಾರ್ ಅಪಘಾತದಲ್ಲಿ ತೀರಿಕೊಂಡ್ರು. ವಯಸ್ಸು 25. ಆ ಮೂವರು ಕೂಡಿ ನುಡಿಸಿದ್ದು ಮತ್ತೆ ಸಿಗೋ ಹಂಗಿಲ್ಲ.

ಸರಿಯಿಲ್ಲದ ರೆಕಾರ್ಡಿಂಗನ್ನ ರಿಪೇರಿ ಮಾಡಲೇಬಾರದಾ ಅಂತ ನೀವು ಕೇಳಬಹುದು. ಅದಕ್ಕೊಂದು ಒಳ್ಳೆ ಕೇಸ್ ಇದೆ. 1953ರ ಮೇ 15, ಕೆನಡಾದ ಟೊರಾಂಟೊ, ಮ್ಯಾಸಿ ಹಾಲ್. ಚಾರ್ಲಿ ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಬಡ್ ಪಾವೆಲ್, ಚಾರ್ಲ್ಸ್ ಮಿಂಗಸ್, ಮ್ಯಾಕ್ಸ್ ರೋಚ್. ಐದೂ ಜನ ದೊಡ್ಡವರೇ. ಆದ್ರೆ ಅದೇ ರಾತ್ರಿ ರಾಕಿ ಮಾರ್ಸಿಯಾನೋ ಮತ್ತು ವಾಲ್ಕಾಟ್ ಬಾಕ್ಸಿಂಗ್ ಪಂದ್ಯ. ಐಪಿಎಲ್ ಫೈನಲ್ ದಿನ ನಾಟಕ ಇಟ್ಟಂಗೆ ಆಯ್ತು. ಮಂದಿ ಎಷ್ಟು ಕಮ್ಮಿ ಬಂದ್ರು ಅಂದ್ರೆ ಕಲಾವಿದರಿಗೆ ದುಡ್ಡು ಕೊಡೋದೇ ಸಂಘಟಕರಿಗೆ ಆಗಲಿಲ್ಲ. ಪಾರ್ಕರ್ ಕೈಯಲ್ಲಿ ಇದ್ದಿದ್ದು ಪ್ಲಾಸ್ಟಿಕ್ ಸ್ಯಾಕ್ಸೋಫೋನ್. ಬೇರೆ ಕಂಪನಿ ಜೊತೆ ಒಪ್ಪಂದ ಇತ್ತು, ಹಂಗಾಗಿ ರೆಕಾರ್ಡಿನ ಮೇಲೆ ಅವರ ಹೆಸರು 'ಚಾರ್ಲಿ ಚಾನ್'.

ಟೇಪ್ ಕೇಳಿದ್ರೆ ಮಿಂಗಸ್ ಬಾಸ್ ಸರಿಯಾಗಿ ಕೇಳ್ತಿರಲಿಲ್ಲ. ಡೆಬ್ಯೂ ಅನ್ನೋ ಆ ರೆಕಾರ್ಡ್ ಕಂಪನಿ ಅವರದ್ದು ಮತ್ತು ರೋಚ್ ಅವರದ್ದು. ಹಾಗಾಗಿ ಸ್ಟುಡಿಯೋದಲ್ಲಿ ಕೂತು ತಮ್ಮ ಬಾಸನ್ನ ಮತ್ತೆ ನುಡಿಸಿ ಮೇಲೆ ಸೇರಿಸಿದ್ರು. ಮುಂದೆ, ಸೇರಿಸದೇ ಇದ್ದ ಮೂಲವೂ ಬಿಡುಗಡೆ ಆಯ್ತು. ಎರಡೂ ಕೇಳಿ. ಸೇರಿಸಿದ್ದರಲ್ಲಿ ಬಾಸ್ ಚೊಕ್ಕಾಗಿ ಕೇಳುತ್ತೆ, ಆದ್ರೆ ಆ ಹಾಲಿನೊಳಗೆ ಇಲ್ಲ, ನಿಮ್ಮ ಕಿವಿ ಪಕ್ಕ ನಿಂತಿರುತ್ತೆ. ನನ್ನ ಓಟು ಮೂಲಕ್ಕೆ. ಮಿಂಗಸ್ ಮೇಲೆ ಸಿಟ್ಟಂತೂ ಇಲ್ಲ. ಆ ರಾತ್ರಿ ಏನು ನುಡಿಸಿದ್ದು ಅಂತ ಅವರಿಗೆ ಗೊತ್ತಿತ್ತು, ಅವರು ತೆಗೆದಿದ್ದು ಏನೂ ಇಲ್ಲ, ಸೇರಿಸಿದ್ದು ಅಷ್ಟೇ. ಮುಖ್ಯ ಏನಂದ್ರೆ ಮೂಲ ಟೇಪ್ ಉಳಿದಿತ್ತು.

ನನ್ನದು ಉಳಿದಿರಲಿಲ್ಲ.

ಆ ಭಜನೆಯ ತಾತ ಈ ವರ್ಷ ತೀರಿಕೊಂಡ್ರು. ಮೊಮ್ಮಗ ಫೋನ್ ಮಾಡಿದ. "ಅಣ್ಣಾ, ನಿಮ್ಮ ಕಡೆ ತಾತನ ಹಾಡು ಇತ್ತಲ್ರಿ, ಕಳಿಸ್ರಿ, ಶಿವಗಣಾರಾಧನೆ ದಿನ ಮನಿಯಾಗ ಹಚ್ಚತೀವಿ." ಆ 22 ನಿಮಿಷ ಕಳಿಸಿದೆ. ಹೆಮ್ಮೆಯಿಂದಲೇ ಕಳಿಸಿದೆ. ಸಂಜೆ ಅವನೇ ಮತ್ತೆ ಫೋನ್ ಮಾಡಿ ಅಜ್ಜಿ ಕೈಗೆ ಕೊಟ್ಟ. ಅವರು ಬೈಯಲಿಲ್ಲ. "ಯಪ್ಪಾ, ದನಿ ಅವರದs ಐತಿ. ಏಕತಾರಿ ಎಲ್ಲಿ ಹೋತು? ಅದನ್ನ ಬಿಟ್ಟು ಒಂದಿನಾನೂ ಹಾಡಿದವರಲ್ಲ ಅವ್ರು."

ನಾನು ಎರಡು ವರ್ಷದಲ್ಲಿ ಅದನ್ನ ಎಷ್ಟೋ ಸಲ ಕೇಳಿದ್ದೆ. ಏಕತಾರಿ ಇಲ್ಲ ಅನ್ನೋದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ.

ಆಗಿದ್ದು ಇಷ್ಟು. ಇಂಥ ಆ್ಯಪ್‌ಗಳು ಬಹಳ ಇರೋದು ಮಾತಿಗೋಸ್ಕರ, ಫೋನ್ ಕಾಲ್, ಮೀಟಿಂಗ್ ಇಂಥದ್ದಕ್ಕೆ. ಮನುಷ್ಯರ ಮಾತು ಏರುತ್ತೆ, ಇಳಿಯುತ್ತೆ, ನಡುನಡುವೆ ನಿಲ್ಲುತ್ತೆ. ಫ್ಯಾನು, ಮೋಟರು ಒಂದೇ ಸಮ ಗುಂಯ್ ಅಂತಿರ್ತವೆ. ಬದಲಾಗದೇ ಒಂದೇ ಸಮ ಬರೋದನ್ನ ಆ್ಯಪ್ ಗದ್ದಲ ಅಂತ ಲೆಕ್ಕ ಹಾಕುತ್ತೆ. ಏಕತಾರಿ ಕೆಲಸವೇ ಅದು, ಒಂದೇ ಶ್ರುತಿ ಬಿಡದಂಗೆ ಹಿಡಿಯೋದು. ಆ್ಯಪ್ಪಿಗೆ ತಾತನ ಏಕತಾರಿಯೂ ಒಂದು ಟೇಬಲ್ ಫ್ಯಾನ್. ತಂಬೂರಿ ಇರೋ ಯಾವ ರೆಕಾರ್ಡಿಂಗಿಗೂ ಇದೇ ಗತಿ ಆಗಬಹುದು, ಮನೇಲಿ ಯಾರದ್ದಾದ್ರೂ ಇದ್ರೆ ಆ ಬಟನ್ ಒತ್ತೋಕೆ ಮುಂಚೆ ಕಾಪಿ ಇಟ್ಕೊಳ್ಳಿ.

ಅದಾದ ಮೇಲೆ ಕೆಲವು ದಿನ ನಾನು ಚೊಕ್ಕ ರೆಕಾರ್ಡಿಂಗ್ ಅಂದ್ರೇನೇ ಬೇಡ ಅಂತಿದ್ದೆ. ಅದೂ ತಪ್ಪೇ. 'ಜ್ಯೋತಿ' ಅಂತ ಒಂದು ಆಲ್ಬಮ್ ಇದೆ, ಜರ್ಮನಿಯ ಇಸಿಎಂ ಕಂಪನಿದು, 1983ರದ್ದು. ಬಾಸ್ಟನ್ ಊರಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. ಹಾಡಿದ್ದು ಆರ್.ಎ. ರಮಾಮಣಿ, ಮೃದಂಗ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಸಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ಪಿಯಾನೋ ಇಲ್ಲ, ಡ್ರಮ್ಸ್ ಇಲ್ಲ, ಬಾಸೂ ಇಲ್ಲ, ಐದೇ ಜನ. ಇದು ಸ್ಟುಡಿಯೋದ್ದು, ಸೂಜಿ ಬಿದ್ರೂ ಕೇಳೋ ಅಷ್ಟು ಚೊಕ್ಕ. ನನಗೆ ಅಲ್ಲಲ್ಲಿ ಆ ಗುಂಗು ಸ್ವಲ್ಪ ಜಾಸ್ತಿನೇ ಅನ್ನಿಸುತ್ತೆ, ಎಲ್ಲರೂ ದೊಡ್ಡ ಖಾಲಿ ಚರ್ಚಿನಲ್ಲಿ ಕೂತಂಗೆ. ಆದ್ರೂ ರಮಾಮಣಿ ದನಿ ಮತ್ತೆ ಸ್ಯಾಕ್ಸೋಫೋನ್ ಒಂದರ ಬಾಲ ಇನ್ನೊಂದು ಹಿಡಿದು ಹೋಗೋ ಜಾಗಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಿವಿ ಕೊಟ್ಟಿದ್ದು ಗೊತ್ತಾಗುತ್ತೆ. ತಂಬೂರಿಯೂ ಇದೆ, ಯಾರೂ ಅದನ್ನ ಅಳಿಸಿಲ್ಲ! ಇವರದೇ 'ಲೈವ್' ಅನ್ನೋ ಆಲ್ಬಮ್ಮೂ ಇದೆ, ಅದನ್ನ ಇನ್ನೊಂದು ದಿನ ನೋಡೋಣ.

ಇವತ್ತಿನ ಕೊನೆ ರೆಕಾರ್ಡಿಂಗಿಗೆ ಆಲ್ಬಮ್ ಇಲ್ಲ, ಹೆಸರಿಲ್ಲ. ಮೊಮ್ಮಗನಿಗೆ ಪಾಪ ಅನ್ನಿಸಿತೋ ಏನೋ, ಊರಿನ ವಾಟ್ಸ್ಆ್ಯಪ್ ಗ್ರೂಪಿನಲ್ಲೆಲ್ಲಾ ಕೇಳಿದ. ಅವತ್ತು ಹಿಂದೆ ಕೂತಿದ್ದ ಒಬ್ಬರ ಫೋನಿನಲ್ಲಿ ಒಂದು ಕ್ಲಿಪ್ ಸಿಕ್ತು. 4 ನಿಮಿಷ 10 ಸೆಕೆಂಡ್. ಫಾರ್ವರ್ಡ್ ಆಗಿ ಆಗಿ ದನಿ ತಗಡಿನಂಗೆ ಆಗಿದೆ. ದಮ್ಮಡಿ ಪೆಟ್ಟು ಬಿದ್ದಾಗೆಲ್ಲಾ ಫೋನು ತಾನೇ ವಾಲ್ಯೂಮ್ ಇಳಿಸಿ ಮತ್ತೆ ಏರಿಸಿದೆ. ಪಕ್ಕದಲ್ಲಿ ಒಂದು ಕೂಸು ಅಳ್ತಿದೆ. ಆದ್ರೆ ಏಕತಾರಿ ಇದೆ. ಮೊದಲ ಸೆಕೆಂಡಿನಿಂದ ಕೊನೆ ತನಕ ಇದೆ.

ನನ್ನ 22 ನಿಮಿಷದಲ್ಲೂ ಇದೇ ಹಾಡು ಇದೆ. ಹಂಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡು ಟೇಕ್ ಹೋಲಿಸೋ ಹಂಗೆ ಕೇಳಿದೆ. ಕ್ಲಿಪ್ಪಿನಲ್ಲಿ 1 ನಿಮಿಷ 20 ಸೆಕೆಂಡಿನ ಆಸುಪಾಸು ತಾಳದವರಲ್ಲಿ ಒಬ್ಬರು ತಪ್ಪುತ್ತಾರೆ. ದಮ್ಮಡಿಯವರು ತಿರುಗಿ ನೋಡಿದ್ರೋ ಇಲ್ಲೋ ಗೊತ್ತಿಲ್ಲ, ಎರಡು ಪೆಟ್ಟು ಜೋರಾಗಿ ಕೊಟ್ಟು ಕೈ ತಡೀತಾರೆ. ತಾತ ಮುಂದಿನ ನುಡಿಗೆ ಹೋಗದೆ ಪಲ್ಲವಿಯ ಅರ್ಧ ಸಾಲನ್ನೇ ತಿರುಗಿಸಿ ತಿರುಗಿಸಿ ಹಾಡ್ತಾರೆ. ತಾಳ ಬಂದು ಕೂಡಿದ ಮೇಲೆನೇ ಮುಂದಿನ ನುಡಿ. ಲಫಾರೋ ಮಾತಾಡುವಾಗ ಇವಾನ್ಸ್ ಸುಮ್ಮನಾಗ್ತಾರೆ ಅಂದೆನಲ್ಲ, ಕಿವಿ ಅದೇ.

ಆಮೇಲೆ 3 ನಿಮಿಷ ಆದ ಮೇಲೆ ಒಂದು ಜಾಗ ಇದೆ. ತಾತ ಒಂದು ಸ್ವರ ಹಿಡಿದು ಬಹಳ ಹೊತ್ತು ಬಿಡೋದಿಲ್ಲ. ನನ್ನ ಕ್ಲೀನ್ ಮಾಡಿದ ಫೈಲಿನಲ್ಲಿ ಈ ಜಾಗ ಬಂದಾಗೆಲ್ಲಾ 'ಇಲ್ಲಿ ತಾತ ಸ್ವಲ್ಪ ಎಳೆದ್ರು' ಅಂತಲೇ ಅಂದ್ಕೊಳ್ತಿದ್ದೆ. ಕ್ಲಿಪ್ಪಿನಲ್ಲಿ ಆ ಹೊತ್ತಿಗೆ ಗುಡಿ ಮುಂದೆ ಒಂದು ಟ್ರ್ಯಾಕ್ಟರ್ ಬರುತ್ತೆ. ಅದು ದಾಟಿ ಹೋಗೋ ತನಕ ತಾತ ಆ ಸ್ವರದ ಮೇಲೇ ನಿಂತಿದ್ದಾರೆ. ಸದ್ದು ದೂರ ಆದ ಮೇಲೆ ಸಾಲಿನ ಕೊನೆ ಮಾತನ್ನ ಮೆಲ್ಲಗೆ ಇಡ್ತಾರೆ, ಹಿಂದೆ ಯಾರೋ ಹೆಣ್ಣುಮಗಳು "ಆಹಾ" ಅಂತಾರೆ. ಕೇಳೋರಿಗೆ ಆ ಮಾತು ತಪ್ಪಬಾರದು ಅಂತ ಕಾದಿದ್ರು. ನಾನು ಟ್ರ್ಯಾಕ್ಟರ್ ತೆಗೆದುಹಾಕಿ, ತಾತಂದೇ ತಪ್ಪು ಅನ್ನೋ ಹಂಗೆ ಮಾಡಿಟ್ಟಿದ್ದೆ.

ಇಷ್ಟಾದ್ರೂ ಒಂದು ಕೆಲಸ ಬಾಕಿ ಇದೆ. ನಾನು ಬಿ.ಕಾಂ. ಓದಿದವನು, ವೋಚರ್ ಇಲ್ಲದ ಎಂಟ್ರಿಗೆ ಬೆಲೆ ಇಲ್ಲ ಅಂತ ಕಲಿತವನು. ಆದ್ರೂ ಅವತ್ತು ಐದು ಜನರ ಹೆಸರು ಬರ್ಕೊಳ್ಳಲಿಲ್ಲ. ಸುಳ್ಳು ಹೆಸರು ಹಾಕಿದ್ರೂ ಮ್ಯಾಸಿ ಹಾಲಿನಲ್ಲಿ ಯಾರು ನುಡಿಸಿದ್ದು ಅಂತ ಲೋಕಕ್ಕೆ ಗೊತ್ತು. ನಮ್ಮ ಮಸ್ಕಿ ಬಂಡೆ ನೋಡ್ರಿ. ಬೇರೆ ಎಷ್ಟೋ ಶಾಸನದಲ್ಲಿ ದೇವಾನಂಪ್ರಿಯ ಅಂತಷ್ಟೇ ಇತ್ತು, 1915ರಲ್ಲಿ ಸಿಕ್ಕ ಇದರ ಮೇಲೆ ಅಶೋಕ ಅನ್ನೋ ಹೆಸರೂ ಇತ್ತು, ಅದಕ್ಕೇ ಅದು ಅಷ್ಟು ದೊಡ್ಡ ಸುದ್ದಿ ಆಗಿದ್ದು. ಮುದಗಲ್ ಮೊಹರಂನಲ್ಲಿ ಹಾಡೋರ ವಿಡಿಯೋ ನಿಮ್ಮ ಫೋನಿನಲ್ಲೂ ಇರ್ತಾವೆ. ಫೈಲಿನ ಹೆಸರು ಬರೀ ನಂಬರ್, ಹಾಡಿದ್ದು ಯಾರು ಅಂತ ಇರೋದಿಲ್ಲ.

ಮೊಮ್ಮಗ ನಾಲ್ಕು ಹೆಸರು ಹೇಳಿದ, ಬರ್ಕೊಂಡೆ. ದಮ್ಮಡಿಯವರದ್ದು ಅವನಿಗೂ ಗೊತ್ತಿಲ್ಲ, ಅಜ್ಜಿಗೂ ಗೊತ್ತಿಲ್ಲ. ಅವತ್ತೊಂದಿನ ಲಿಂಗಸುಗೂರು ಕಡೆಯಿಂದ ಬಂದಿದ್ರು, ಬೆಳಗಿನ ಬಸ್ಸಿಗೆ ಹೋದ್ರು ಅಂತಷ್ಟೇ ನೆನಪು. ಮನೆಯವರನ್ನ ಕೇಳಿಯೇ ಈ ಕ್ಲಿಪ್ ಹಚ್ತಿದ್ದೀನಿ. ಏನೂ ತೆಗೆದಿಲ್ಲ, ಕೂಸಿನ ಅಳುವೂ ಇದೆ. 1 ನಿಮಿಷ 20 ಸೆಕೆಂಡಿಗೆ ಆ ಎರಡು ಪೆಟ್ಟು ಬರ್ತವೆ. ಲಿಂಗಸುಗೂರಿನ ತಮ್ಮಾ, ನೀನೂ ಕೇಳು, ನಿಮ್ಮ ಮನೆ ಹಿರಿಯರಿಗೂ ಕೇಳಿಸು. ಆ ಕೈ ಯಾರದು ಅಂತ ಗುರುತು ಹತ್ತಿದ್ರೆ ಒಂದು ವಾಯ್ಸ್ ನೋಟ್ ಕಳಿಸ್ರಿ.