ಮಾತ್ರೆಯ ಜೊತೆಗೆ ತುತ್ತೂ ಬೇಕು
(ಆದೋನಿಯಲ್ಲಿ ನಡೆದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಧರ್ಮಕೇಂದ್ರದ ಉಪದೇಶಿಯೊಬ್ಬರು ಮಾಡಿದ ಭಾಷಣ)



ಮಾರ್ಕನ ಶುಭಸಂದೇಶದಲ್ಲಿ ಯಾಯೀರನ ಮಗಳ ವೃತ್ತಾಂತ ನಮಗೆಲ್ಲ ಗೊತ್ತು. ಹನ್ನೆರಡು ವರ್ಷದ ಹುಡುಗಿ ತೀರಿಹೋದಳೆಂದು ಮನೆಮಂದಿ ಗೋಳಾಡುತ್ತಿದ್ದಾಗ ಯೇಸುಸ್ವಾಮಿ ಅವಳ ಕೈಹಿಡಿದು ಎಬ್ಬಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಅವಳಿಗೆ ತಿನ್ನಲು ಏನಾದರೂ ಕೊಡಬೇಕೆಂದು ಹೆತ್ತವರಿಗೆ ತಿಳಿಸಿದರು. ಮರಣವನ್ನು ಗೆದ್ದ ಪ್ರಭುವಿಗೆ ಆ ಮಗುವಿನ ಹಸಿವು ಸಣ್ಣ ಸಂಗತಿ ಎನಿಸಲಿಲ್ಲ. ರೋಗವನ್ನು ತಡೆಯುವ ಶಕ್ತಿಗೂ ನಮ್ಮ ತಟ್ಟೆಗೂ ಏನು ಸಂಬಂಧ ಎಂಬುದನ್ನೇ ಈ ದಿನ ಹೇಳಬೇಕೆಂದಿದ್ದೇನೆ.

ನಮ್ಮ ಕಡೆಯ ಬದುಕು ನಿಮಗೆ ಹೊಸದಲ್ಲ. ಆದೋನಿಯಲ್ಲಿ ಹತ್ತಿ ಮಾರುಕಟ್ಟೆಯೂ ಜಿನ್ನಿಂಗ್ ಮಿಲ್ಲುಗಳೂ ಇವೆ. ಮಳೆ ಕೈಕೊಟ್ಟರೆ ಕೋಸಿಗಿ, ಮಂತ್ರಾಲಯ, ಆಲೂರು ಕಡೆಯ ಜನ ಗಂಟುಮೂಟೆ ಕಟ್ಟಿಕೊಂಡು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತಾರೆ. ಕೆಮ್ಮು ಬಂದರೆ ಹತ್ತಿಯ ದೂಳು, ಮೆಣಸಿನಕಾಯಿ ಘಾಟು ಎಂದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ಕ್ಷಯವಾಗಿರುತ್ತದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಇದನ್ನು ಓದುವವರಿಗೂ ಇದೇ ಮಾತು ಸಲ್ಲುತ್ತದೆ. ಒಂದೇ ಕೋಣೆಯಲ್ಲಿ ಆರು ಜನ ಮಲಗುವಲ್ಲಿ ಒಬ್ಬರ ಕೆಮ್ಮು ಎಲ್ಲರಿಗೂ ಸಂಬಂಧಪಟ್ಟದ್ದು.

ಆದರೆ ಕ್ಷಯದ ರೋಗಾಣು ಒಳಗೆ ಸೇರಿದವರೆಲ್ಲರೂ ಹಾಸಿಗೆ ಹಿಡಿಯುವುದಿಲ್ಲ. ಹೆಚ್ಚಿನವರಲ್ಲಿ ದೇಹ ಅದನ್ನು ಅದುಮಿಟ್ಟಿರುತ್ತದೆ. ಈ ಕಾವಲು ಕೆಲಸ ನಮ್ಮ ಬಿಳಿ ರಕ್ತಕಣಗಳದು. ಕೆಲವು ಕಣಗಳು ರೋಗಾಣುವನ್ನು ನುಂಗುತ್ತವೆ. ಬೇರೆ ಕೆಲವು ಶತ್ರುವಿನ ಗುರುತು ಹಿಡಿದು, ನುಂಗುವ ಕಣಗಳಿಗೆ ಬಲ ಬರುವಂತೆ ಸೂಚನೆ ಕೊಡುತ್ತವೆ. ಈ ಕಾವಲುಗಾರರಿಗೂ ಕೂಲಿ ಬೇಕು. ಅವರ ಕೂಲಿ ಎಂದರೆ ನಾವು ತಿನ್ನುವ ಅನ್ನವೇ.

ನಮ್ಮ ದೇಹದ ಹೆಚ್ಚಿನ ಬಗೆಯ ಜೀವಕಣಗಳೊಳಗೆ ಕಣ್ಣಿಗೆ ಕಾಣದ ಸಣ್ಣ ಒಲೆಗಳಿವೆ. ಅವುಗಳಿಗೆ ಮೈಟೋಕಾಂಡ್ರಿಯ ಎಂದು ಹೆಸರು. ನಾವು ತಿಂದ ರೊಟ್ಟಿ, ಬೇಳೆ, ಎಣ್ಣೆಯ ಸಾರವನ್ನು ಉಸಿರಿನ ಗಾಳಿಯೊಡನೆ ಸೇರಿಸಿ ಉರಿಸಿ, ಅವು ಎ.ಟಿ.ಪಿ. ಎಂಬ ವಸ್ತುವನ್ನು ತಯಾರಿಸುತ್ತವೆ. ಜೀವಕಣ ಮಾಡುವ ಖರ್ಚಿಗೆಲ್ಲ ಇದೇ ಚಿಲ್ಲರೆ ಕಾಸು. 1929ರಲ್ಲಿ ಈ ಎ.ಟಿ.ಪಿ.ಯನ್ನು ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರು.

ಒಲೆಯ ವಿಷಯ ನಮ್ಮ ತಾಯಂದಿರಿಗೆ ಚೆನ್ನಾಗಿ ಗೊತ್ತು. ಹತ್ತಿಕಟ್ಟಿಗೆ ಭಗ್ಗೆಂದು ಉರಿದು ಬೇಗ ಆರುತ್ತದೆ. ಜಾಲಿಯ ಕೊರಡು ನಿಧಾನವಾಗಿ, ಬಹಳ ಹೊತ್ತು ಕಾವು ಕೊಡುತ್ತದೆ. ಬಿಳಿ ಕಣಗಳೂ ಹಾಗೆಯೇ. ಶತ್ರು ಬಂದಾಗ ಅವು ಸಕ್ಕರೆಯನ್ನು ಭಗ್ಗೆಂದು ಉರಿಸಿ, ಒಂದು ಹತ್ತಾಗಿ, ಹತ್ತು ನೂರಾಗಿ ಹೆಚ್ಚುತ್ತವೆ. ಆಗ ಮೈಟೋಕಾಂಡ್ರಿಯಗಳ ಕೆಲಸವೂ ಹೆಚ್ಚುತ್ತದೆ. ಹೋರಾಟ ಮುಗಿದ ಮೇಲೆ ಕೆಲವು ಕಣಗಳು ಆ ಶತ್ರುವಿನ ನೆನಪಿಟ್ಟುಕೊಂಡು ವರ್ಷಗಟ್ಟಲೆ ಕಾವಲಿರುತ್ತವೆ. ಅವು ಮೈಟೋಕಾಂಡ್ರಿಯದ ನಿಧಾನದ ಕಾವಿನಲ್ಲೇ ಬಾಳುತ್ತವೆ. ಈ ಒಲೆ ಉರಿಯಲು ಕಬ್ಬಿಣದ ಅಂಶವೂ ಬಿ ಜೀವಸತ್ವಗಳೂ ಬೇಕು. ಅರೆಹೊಟ್ಟೆಯಲ್ಲಿರುವವರ ದೇಹದಲ್ಲಿ ಬಿಳಿ ಕಣಗಳು ಬೇಕಾದಷ್ಟು ಹೆಚ್ಚಲಾರವು. ಬಿಡುವಿಲ್ಲದೆ ಬಹುಕಾಲ ಹೋರಾಡಿದ ಕಣಗಳಲ್ಲಂತೂ ಮೈಟೋಕಾಂಡ್ರಿಯವೇ ಕೆಡುತ್ತದೆ. ಎರಡು ಪಾಳಿ ದುಡಿದು ಉಪವಾಸ ಮಲಗಿದ ಆಳಿನಂತೆ ಅವು ಸೋತುಹೋಗುತ್ತವೆ.

ಇದು ಬರೀ ಪುಸ್ತಕದ ಮಾತಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು 2019ರಿಂದ 2022ರವರೆಗೆ ಜಾರ್ಖಂಡದಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಸಿದರು. 2,800 ಕ್ಷಯರೋಗಿಗಳು, ಅವರ ಮನೆಗಳ 10,345 ಜನ ಅದರಲ್ಲಿ ಸೇರಿದ್ದರು. ರೋಗಿಗಳೆಲ್ಲರಿಗೂ ಔಷಧದೊಡನೆ ಆಹಾರ ಕೊಟ್ಟರು. ಅರ್ಧದಷ್ಟು ಕಡೆ ಮನೆಮಂದಿಗೂ ತಿಂಗಳು ತಿಂಗಳು ಅಕ್ಕಿ, ಬೇಳೆ, ಜೀವಸತ್ವದ ಮಾತ್ರೆ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಹಾರ ಪಡೆದ ಮನೆಮಂದಿಯಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಗಿತ್ತು. ಹರಡುವಂಥ ಶ್ವಾಸಕೋಶದ ಕ್ಷಯ ನೂರಕ್ಕೆ 48ರಷ್ಟು ಕಡಿಮೆಯಾಗಿತ್ತು. ಮೊದಲ ಎರಡು ತಿಂಗಳಲ್ಲಿ ನೂರಕ್ಕೆ ಐದರಷ್ಟು ತೂಕ ಹೆಚ್ಚಿದ ರೋಗಿಗಳಲ್ಲಿ ಸಾವಿನ ಅಪಾಯ ನೂರಕ್ಕೆ 61ರಷ್ಟು ಕಡಿಮೆ ಇತ್ತು. ನಲವತ್ತು ಕಿಲೋ ತೂಗುವವರಿಗೆ ಐದರಷ್ಟು ಎಂದರೆ ಎರಡೇ ಕಿಲೋ!

ಹಾಗೆಂದು ಊಟವೊಂದೇ ಸಾಕು, ಮಾತ್ರೆ ಬೇಡ ಎಂದು ಯಾರೂ ತಿಳಿಯಬಾರದು. ರೋಗಾಣುವನ್ನು ಕೊಲ್ಲುವುದು ಮಾತ್ರೆ. ಹೋರಾಡಲು ದೇಹಕ್ಕೆ ಕಸುವು ಕೊಡುವುದು ಅನ್ನ. ಎರಡೂ ಬೇಕು.

ಈಗ ನಾವು ಮಾಡಬೇಕಾದ ಕೆಲಸಗಳನ್ನು ಹೇಳುತ್ತೇನೆ.

ಮೊದಲನೆಯದು: ಎರಡು ವಾರ ಕೆಮ್ಮು ಬಿಡದಿದ್ದರೆ, ಸಂಜೆ ಜ್ವರ ಬರುತ್ತಿದ್ದರೆ, ತೂಕ ಇಳಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಔಷಧವೂ ಪುಕ್ಕಟೆ. ಕೆಲಸಕ್ಕೆ ಬೇರೆ ಊರಿಗೆ ಹೊರಡುವ ಮುಂಚೆ ಆಸ್ಪತ್ರೆಯಲ್ಲಿ ತಿಳಿಸಿ, ಅಲ್ಲಿಯೂ ಮಾತ್ರೆ ಸಿಗುವಂತೆ ಏರ್ಪಾಡು ಮಾಡಿಸಿಕೊಳ್ಳಿ. ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.

ಎರಡನೆಯದು: ಚಿಕಿತ್ಸೆಯಲ್ಲಿರುವವರಿಗೆ ಪೋಷಣೆಗಾಗಿ ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದು 1,000 ರೂಪಾಯಿ ಆಗಿದೆ. ಇದು ಭಿಕ್ಷೆಯಲ್ಲ, ಹಕ್ಕು. ಬ್ಯಾಂಕು ಪುಸ್ತಕ, ಆಧಾರ್ ಒಯ್ದು ಕೇಳಿ ಪಡೆಯಿರಿ. ಓದು ಬಾರದವರ ಜೊತೆಗೆ ಸಂಘದವರು ಹೋಗಬೇಕು. ಆ ಹಣ ಬೇಳೆ, ಶೇಂಗಾ, ಮೊಟ್ಟೆ, ಸೊಪ್ಪಿಗೆ ಹೋಗಲಿ, ಸಾರಾಯಿ ಬೀಡಿಗೆ ಹೋಗದಿರಲಿ.

ಮೂರನೆಯದು ನಮ್ಮ ಮನೆಯೊಳಗಿನದು. ಗಂಡ, ಮಕ್ಕಳು ಉಂಡ ಮೇಲೆ ತಳದಲ್ಲಿ ಉಳಿದದ್ದು ತಾಯಿಗೆ. ರೋಗಿಯ ಪಕ್ಕದಲ್ಲಿ ಹಗಲಿರುಳು ಕೂತು ಆರೈಕೆ ಮಾಡುವವಳೂ ಅವಳೇ. ಅವಳ ಕಾವಲು ಕಣಗಳಿಗೆ ಕೂಲಿ ಎಲ್ಲಿಂದ ಬರಬೇಕು? ಅಣ್ಣಂದಿರೇ, ಈ ರಾತ್ರಿಯಿಂದ ಎಲ್ಲರೂ ಒಟ್ಟಿಗೆ ಕೂತು ಉಣ್ಣಿರಿ.

ಕೂಲಿ ಹೆಚ್ಚಿಸಿ ಎಂದು ಸಂಘ ಕೇಳುವಾಗ ಹಣದಾಸೆ ಎನ್ನುವವರಿದ್ದಾರೆ. ಅವರಿಗೆ ಈ ಉತ್ತರ ಕೊಡಿ: ಕೂಲಿ ಕಡಿಮೆಯಾದರೆ ಬೇಳೆ ಕಡಿಮೆಯಾಗುತ್ತದೆ, ಬೇಳೆ ಕಡಿಮೆಯಾದರೆ ರಕ್ತದೊಳಗಿನ ಕಾವಲು ಸಡಿಲವಾಗುತ್ತದೆ. ನಾವು ಕೇಳುತ್ತಿರುವುದು ನಮ್ಮ ಮಕ್ಕಳ ಉಸಿರು.

ದೇವರು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.