ಬಡತನಕ್ಕೆ ಎರಡು ಬಾಗಿಲು



ದೇಶದಲ್ಲಿ ಬಡವರ ಸಂಖ್ಯೆ ಇಷ್ಟು ಇಳಿಯಿತು ಎಂಬ ಸುದ್ದಿಯನ್ನು ನಾವು ಆಗಾಗ ಕೇಳುತ್ತೇವೆ. ಆದರೆ ಹತ್ತು ವರ್ಷದ ಹಿಂದೆ ಬಡವರಾಗಿದ್ದವರೇ ಇಂದೂ ಬಡವರೋ, ಅಥವಾ ಅವರು ಮೇಲೆ ಬಂದು ಬೇರೆಯವರು ಕೆಳಗೆ ಜಾರಿದರೋ? ಇದನ್ನು ತಿಳಿಯಲು ಅದೇ ಮನೆಗಳ ಜಾಡನ್ನು ವರ್ಷಾನುಗಟ್ಟಲೆ ಹಿಡಿಯಬೇಕು.

ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ 1975ರಲ್ಲಿ ಆರು ಹಳ್ಳಿಗಳಲ್ಲಿ ಇಂಥ ಅಧ್ಯಯನ ಆರಂಭಿಸಿತು. ಅವುಗಳಲ್ಲಿ ಎರಡು, ಕನ್ನಡಿಗರಿಗೆ ಚಿರಪರಿಚಿತವಾದ ಸೊಲ್ಲಾಪುರ ಜಿಲ್ಲೆಯವು. ಮುಂದೆ ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರು ರಾಜಸ್ಥಾನದ 35 ಹಳ್ಳಿಗಳಲ್ಲಿ ಮನೆಮನೆಯ 25 ವರ್ಷಗಳ ಕಥೆಯನ್ನು ವಿಚಾರಿಸಿದರು. ನೂರಕ್ಕೆ ಸುಮಾರು 11 ಮನೆಗಳು ಬಡತನ ದಾಟಿದ್ದವು. ಅದೇ ಅವಧಿಯಲ್ಲಿ ಸುಮಾರು 8 ಮನೆಗಳು ಹೊಸದಾಗಿ ಬಡತನಕ್ಕೆ ಇಳಿದಿದ್ದವು! ಮೇಲ್ನೋಟದ ಲೆಕ್ಕದಲ್ಲಿ ಕಾಣುವುದು ಉಳಿದ ಮೂರು ಮಾತ್ರ.

ಹೊರಗೆ ಹೋಗುವ ಬಾಗಿಲು ಬೇರೆ, ಒಳಗೆ ಬೀಳುವ ಬಾಗಿಲು ಬೇರೆ. ಮೇಲೆ ಬಂದವರಿಗೆ ನೆರವಾದದ್ದು ಹೊಲದ ಜೊತೆಗೆ ಸಿಕ್ಕ ಇನ್ನೊಂದು ಆದಾಯ. ಬಿದ್ದವರನ್ನು ಕೆಡವಿದ್ದು ಕಾಯಿಲೆಯ ಖರ್ಚು, ಮದುವೆ-ತಿಥಿಗಳ ಊಟ, ಮೀಟರ್ ಬಡ್ಡಿಯಂಥ ಸಾಲ.

ನಗರದಲ್ಲಿ ಉದ್ಯೋಗದ ಕಥೆಯೂ ಹೀಗೆಯೇ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಮುಷ್ಕರ ಆರಂಭವಾದಾಗ ಎರಡು ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಅದರಲ್ಲಿದ್ದರು. ಆಮೇಲೆ ಅನೇಕರಿಗೆ ಖಾಯಂ ಕೆಲಸ ಮರಳಿ ಸಿಗಲಿಲ್ಲ. ಅವರು ನಿರುದ್ಯೋಗಿಗಳಾಗಿ ಕೂರಲಿಲ್ಲ, ಕೂರಲು ಆಗುತ್ತಲೂ ಇರಲಿಲ್ಲ. ಕೈಗಾಡಿ, ಕಾವಲು, ದಿನಗೂಲಿ, ಹೀಗೆ ಸಿಕ್ಕಿದ್ದನ್ನು ಹಿಡಿದರು. ಕೆಲಸ ಇತ್ತು, ಭದ್ರತೆ ಹೋಯಿತು. ಇದಕ್ಕೆ ಎದುರಾಗಿ, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ತಲೆಮಾರೂ ಇದೇ ಮುಂಬಯಿಯಲ್ಲಿದೆ.

ಹಾಗಾದರೆ ನಾವು ಮಾಡಬಹುದಾದದ್ದೇನು? ನಮ್ಮ ಮನೆಗೆಲಸದಾಕೆ, ಕಟ್ಟಡದ ಕಾವಲುಗಾರ, ಊರಿನಿಂದ ಹೊಸದಾಗಿ ಬಂದ ಹುಡುಗ, ಇವರಲ್ಲಿ ಹಲವರು ಇಂದು ಬಡವರಲ್ಲ. ಆದರೆ ಒಂದು ಕಾಯಿಲೆ ಸಾಕು. ಜ್ವರದ ವಾರಕ್ಕೆ ಸಂಬಳ ಕಡಿಯದಿರುವುದು ನಮ್ಮ ಕೈಯಲ್ಲಿದೆ. ಊರಿನ ರೇಷನ್ ಕಾರ್ಡಿಗೆ ಕೇಂದ್ರದ ಪಾಲಿನ ಧಾನ್ಯವನ್ನು ಈ ನಗರದಲ್ಲೇ ಪಡೆಯಬಹುದು; 2022ರಿಂದ ಎಲ್ಲ ರಾಜ್ಯಗಳಲ್ಲೂ ಈ ವ್ಯವಸ್ಥೆಯಿದೆ. ಅರ್ಹ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಆಸ್ಪತ್ರೆಗೆ ಸೇರಿದಾಗ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಹೊರರೋಗಿಯ ಔಷಧಿ ಖರ್ಚು ಮಾತ್ರ ಬಹುಪಾಲು ಅವರ ಜೇಬಿನದೇ. ಗೊತ್ತಿಲ್ಲದವರಿಗೆ ಇಷ್ಟನ್ನು ತಿಳಿಸಿ, ಅರ್ಜಿ ತುಂಬಿಕೊಡಿ.

ಬಿದ್ದವರನ್ನು ಎತ್ತುವುದಕ್ಕಿಂತ ಬೀಳದಂತೆ ಹಿಡಿಯುವುದು ಸುಲಭ, ಅಗ್ಗ ಕೂಡ.