ಒಂದು ಶನಿವಾರದ ಬೆಲೆ



ದೀಪ ಹಚ್ಚಿದ್ದಾಯಿತು. ಮಕ್ಕಳು ಮೂರು ದಿನ ನಿದ್ದೆಗೆಟ್ಟು ಕಟ್ಟಿ ನಿಲ್ಲಿಸಿರುವ ಈ ವಿಜ್ಞಾನ ಪ್ರದರ್ಶನದ ಟೇಪು ಕತ್ತರಿಸುವ ಮೊದಲು ನಾಲ್ಕು ಮಾತಾಡಿ ಅಂದಿದ್ದಾರೆ. ನಾನು ಬೀರೂರಿನವನೇ. ಪಿಎಚ್.ಡಿ. ಮುಗಿಸಿ, ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಯ ಮೇಲೆ ಪೋಸ್ಟ್‌ಡಾಕ್ ಸಂಶೋಧನೆ ಮಾಡುತ್ತಿದ್ದೇನೆ. "ಡಾಕ್ಟರ್ ಆದ್ಮೇಲೂ ನಿನ್ ಓದು ಮುಗೀಲಿಲ್ವೇನೋ?" ಅಂತ ದೊಡ್ಡಮ್ಮ ನಿನ್ನೆ ರಾತ್ರಿಯೂ ಕೇಳಿದರು. ಓದು ಮುಗಿದಿದೆ, ಎಣಿಸುವುದು ಮುಗಿದಿಲ್ಲ ಅಂದೆ.

ಎಣಿಸುವುದೇ ನನ್ನ ಕೆಲಸ. ಅಂಗೈಯಗಲದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಬಿತ್ತಿ, ಎಕ್ಸ್-ರೇ ಹಾಯಿಸಿ, ಎರಡು ವಾರ ಬೆಚ್ಚಗೆ ಇಡುತ್ತೇವೆ. ಆಮೇಲೆ ನೇರಳೆ ಬಣ್ಣ ಸುರಿದು ತೊಳೆದರೆ, ಬದುಕುಳಿದ ಕೋಶ ಎಲ್ಲೆಲ್ಲಿ ಮರಿ ಹಾಕಿದೆಯೋ ಅಲ್ಲೊಂದು ಇಲ್ಲೊಂದು ಚುಕ್ಕೆ ಏಳುತ್ತದೆ. 50 ಕೋಶಗಳಾದರೂ ಇರದ ಚುಕ್ಕೆ ಲೆಕ್ಕಕ್ಕಿಲ್ಲ. ಪಕ್ ಮತ್ತು ಮಾರ್ಕಸ್ ಎಂಬ ವಿಜ್ಞಾನಿಗಳು 1956ರಲ್ಲಿ ಹಾಕಿಕೊಟ್ಟ ದಾರಿ ಇದು. ಇನ್ನೂ ಅದರಲ್ಲೇ ನಡೆಯುತ್ತಿದ್ದೇವೆ.

ನಮ್ಮ ಕಡೆ ಈ ಚಿಕಿತ್ಸೆಗೆ "ಕರೆಂಟ್ ಕೊಡೋದು" ಅಂತಾರೆ. ಶಾಕ್ ಏನೂ ಹೊಡೆಯುವುದಿಲ್ಲ. ಕೊಡುವ ಹೊತ್ತಿನಲ್ಲಿ ಏನಾಯಿತೆಂದೇ ರೋಗಿಗೆ ತಿಳಿಯುವುದಿಲ್ಲ. ಹಾಗಾದರೆ ಒಂದೇ ಸಲ ಕೊಟ್ಟು ಮನೆಗೆ ಕಳಿಸಬಾರದೇ, ಬಾಯಿ-ಗಂಟಲ ಕ್ಯಾನ್ಸರಿಗೆ 33, 35 ಸಲ ಯಾಕೆ? ಪೆಟ್ಟು ರೋಗದ ಕೋಶಕ್ಕೂ ಬೀಳುತ್ತದೆ, ಪಕ್ಕದ ಒಳ್ಳೆಯ ಕೋಶಕ್ಕೂ ಬೀಳುತ್ತದೆ. ನಡುವೆ ಬಿಡುವು ಸಿಕ್ಕರೆ ಒಳ್ಳೆಯದು ತನ್ನ ಡಿಎನ್ಎ ರಿಪೇರಿ ಮಾಡಿಕೊಂಡು ಸುಧಾರಿಸಿಕೊಳ್ಳುತ್ತದೆ. ರೋಗದ ಕೋಶಕ್ಕೆ ಆ ಶಕ್ತಿ ಕಮ್ಮಿ. ಆದರೆ ಬಿಡುವು ಉದ್ದವಾದರೆ ಲೆಕ್ಕ ತಿರುಗುತ್ತದೆ. ಚಿಕಿತ್ಸೆ ಶುರುವಾಗಿ ನಾಲ್ಕು ವಾರ ದಾಟಿದ ಮೇಲೆ ಗಂಟಲಲ್ಲಿ ಉಳಿದ ರೋಗದ ಕೋಶಗಳು ಮೊದಲಿಗಿಂತ ಬಿರುಸಾಗಿ ಹೆಚ್ಚುತ್ತವೆ. ಅರ್ಧ ಕಳೆ ಕಿತ್ತು ಕೈಬಿಟ್ಟ ಹೊಲವನ್ನು ಮಳೆ ಬಂದ ವಾರದಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡೆನ್ಮಾರ್ಕಿನ ಕ್ಯಾನ್ಸರ್ ತಜ್ಞ ಯೆನ್ಸ್ ಓವರ್‌ಗಾರ್ಡ್ ಇದನ್ನೇ ಹಿಡಿದುಕೊಂಡರು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಜೊತೆ ಸೇರಿ ಏಷ್ಯಾ, ಆಫ್ರಿಕಾ, ದಕ್ಷಿಣ ಅಮೆರಿಕ ಎಲ್ಲ ಸೇರಿದಂತೆ ಒಂಬತ್ತು ಆಸ್ಪತ್ರೆಗಳಲ್ಲಿ 900ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ವಾರಕ್ಕೆ ಐದು ಸಲ ಕರೆಂಟು, ಉಳಿದರ್ಧಕ್ಕೆ ಆರು ಸಲ. ಒಟ್ಟು ಡೋಸ್ ಅಷ್ಟೇ. ಐದು ವರ್ಷದ ಲೆಕ್ಕದಲ್ಲಿ ರೋಗ ಹುಟ್ಟಿದ ಜಾಗದಲ್ಲೇ ಹತೋಟಿಗೆ ಬಂದದ್ದು ಮೊದಲನೆಯವರಲ್ಲಿ ಶೇ. 30, ಎರಡನೆಯವರಲ್ಲಿ ಶೇ. 42. ಬಾಯಿಹುಣ್ಣು ಹೆಚ್ಚಾಯಿತು, ಸುಳ್ಳು ಹೇಳಬಾರದು. ಆದರೆ ಕೋಟಿಗಟ್ಟಲೆಯ ಹೊಸ ಯಂತ್ರ ಬೇಕಾಗಲಿಲ್ಲ, ಹೊಸ ಔಷಧಿಯೂ ಇಲ್ಲ. ವಾರಕ್ಕೊಂದು ಶನಿವಾರ ಸಾಕಾಯಿತು. ನನ್ನ ಕಸುಬಿನಲ್ಲಿ ಇದಕ್ಕಿಂತ ಚೆಂದದ ಸಂಶೋಧನೆ ನಾನು ಕಂಡಿಲ್ಲ.

ಈ ಪ್ರಯೋಗದ ಲೇಖನ ಓದಿದ ದಿನ ನನಗೆ ದೊಡ್ಡಪ್ಪ ನೆನಪಾದರು. ಅವರಿಗೆ ಗಂಟಲಲ್ಲಿ ಆಗಿತ್ತು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 35 ಸಲ ಬರೆದುಕೊಟ್ಟಿದ್ದರು. ಹದಿನೆಂಟು ಮುಗಿದಾಗ ದಸರಾ ಬಂತು. ಆ ಹೊತ್ತಿಗೆ ನಮ್ಮೂರಲ್ಲಿ ನಡೆಯುವ ಮೈಲಾರಲಿಂಗಸ್ವಾಮಿಯ ಕಾರ್ಣಿಕ ತಪ್ಪಿಸಿದವರಲ್ಲ ಅವರು. ತೋಟದಲ್ಲಿ ಅಡಿಕೆ ಕೊಯ್ಲು ಬೇರೆ. ಬೀರೂರು ಜಂಕ್ಷನ್ನಿನಲ್ಲಿ ಅವರನ್ನು ಇಳಿಸಿಕೊಂಡವನು ನಾನೇ, ಆಗ ಬಿ.ಎಸ್ಸಿ. ಓದುತ್ತಿದ್ದೆ. ಒಂಬತ್ತು ದಿನ ಇದ್ದು ಹೋದರು. ಬೇಡ ಅಂತ ಮನೆಯಲ್ಲಿ ಯಾರೂ ಅನ್ನಲಿಲ್ಲ, ವಿಜ್ಞಾನ ಓದುತ್ತಿದ್ದ ನಾನೂ ಅನ್ನಲಿಲ್ಲ. ಆ ಒಂಬತ್ತು ದಿನದಿಂದಲೇ ಹೀಗಾಯಿತು ಎನ್ನಲು ಬರುವುದಿಲ್ಲ. ಒಬ್ಬ ರೋಗಿಯಿಂದ ಯಾವುದೂ ಸಾಬೀತಾಗುವುದಿಲ್ಲ. ಎರಡು ವರ್ಷಕ್ಕೆ ರೋಗ ತಿರುಗಿ ಬಂತು.

ಅಡಿಕೆಯ ಮಾತು ಬಂತಲ್ಲ. 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಈ ಊರಲ್ಲಿ ನಿಂತು ಇದನ್ನು ಹೇಳಿದರೆ ಬೈಸಿಕೊಳ್ಳಬೇಕಾಗುತ್ತದೆ, ನಮ್ಮ ಮನೆಯ ಅನ್ನವೂ ಅದರದೇ. ಆದರೂ ಮೂರನೇ ಟೇಬಲ್ಲಿನ ಹುಡುಗಿಯರು ಧೈರ್ಯ ಮಾಡಿ ಅದನ್ನು ಚಾರ್ಟಿನಲ್ಲಿ ಬರೆದಿದ್ದಾರೆ. ಅವರನ್ನು ಯಾರೂ ಗದರಿಸಬೇಡಿ.

1973ರಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದಾಗಿನಿಂದ ದೊಡ್ಡಪ್ಪನ ಹಾಗೆ ರಾಜ್ಯದ ಮೂಲೆ ಮೂಲೆಯಿಂದ ರೋಗಿಗಳು ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ. ಒಂದೂವರೆ ತಿಂಗಳು ರೂಮು, ಊಟ, ಜೊತೆಗೊಬ್ಬರು. ಇತ್ತ ಹಾಲು ಕರೆಯಲು ಜನವಿಲ್ಲ. ದಿನ ಕಮ್ಮಿಯಾದರೆ ನಡುವೆ ಬಿಟ್ಟು ಬರುವವರೂ ಕಮ್ಮಿಯಾಗುತ್ತಾರೆ. ಸ್ತನ ಕ್ಯಾನ್ಸರಿನ ಆಪರೇಷನ್ ಆದ ಆಯ್ದ ರೋಗಿಗಳಿಗೆ ಮೂರು ವಾರದ ಬದಲು ಒಂದೇ ವಾರ, ಐದೇ ಸಲ ಸಾಕೆಂದು ಬ್ರಿಟನ್ನಿನ ಪ್ರಯೋಗವೊಂದು 2020ರಲ್ಲಿ ತೋರಿಸಿತು. ಗಂಟಲು ಅಷ್ಟು ಸಲೀಸಲ್ಲ: ನುಂಗುವ, ಉಸಿರಾಡುವ, ಮಾತಾಡುವ ದಾರಿಗಳೆಲ್ಲ ಅಲ್ಲೇ ಒತ್ತಿಕೊಂಡಿವೆ. ಅಲ್ಲಿ ಎಷ್ಟು ದಿನ ಇಳಿಸಬಹುದು? ನನ್ನ ನೇರಳೆ ಚುಕ್ಕೆಗಳ ಎಣಿಕೆ ಅದಕ್ಕೇ.

ಒಳಗೆ ಎರಡನೇ ಟೇಬಲ್ಲಿನ ಮೇಲೆ ಜರಡಿಯಂತೆ ತೂತು ತೂತಾದ ಬಿಳಿ ಮುಖವಾಡವೊಂದಿದೆ. ಬಿಸಿನೀರಿನಲ್ಲಿ ಮೆತ್ತಗಾದ ಹಾಳೆಯನ್ನು ಮುಖಕ್ಕೆ ಒತ್ತಿ, ಆರಿದ ಮೇಲೆ ತಲೆ ಅಲುಗದಂತೆ ಮಂಚಕ್ಕೆ ಬಿಗಿಯುತ್ತಾರೆ. ಅದು ದೊಡ್ಡಪ್ಪನದು. ಇಷ್ಟು ವರ್ಷ ಅಟ್ಟದ ಮೇಲಿತ್ತು, ದೊಡ್ಡಮ್ಮನೇ ಇಳಿಸಿ ಒರೆಸಿ ಕೊಟ್ಟರು. ಮೂಗಿನ ಹತ್ತಿರ ಇಂಕಿನ ಗೆರೆ ಇನ್ನೂ ಇದೆ. ಮುಟ್ಟಿ ನೋಡಬಹುದು. ಬನ್ನಿ, ಒಳಗೆ ಹೋಗೋಣ.